ಅಜ್ಜಿಯ ಗೋರಿಗೆ ಮೊಮ್ಮಗಳ ಹೆಸರು

ಆಗ್ರಾದಲ್ಲಿ, ಯಮುನೆಯ ಎಡದಂಡೆಯ ಮೇಲೆ, ಇತಿಮಾದ್-ಉದ್-ದೌಲಾ ಎಂಬ ಅಮೃತಶಿಲೆಯ ಸಮಾಧಿಯಿದೆ. ಅಲ್ಲಿ ಮಲಗಿರುವವರು ಮಿರ್ಜಾ ಘಿಯಾಸ್ ಬೇಗ್ ಮತ್ತು ಅವನ ಹೆಂಡತಿ ಅಸ್ಮತ್ ಬೇಗಂ. ಕಟ್ಟಡದ ಹೆಸರು ಜಹಾಂಗೀರ್ ಬಾದಶಹ ಘಿಯಾಸ್ ಬೇಗನಿಗೆ ಕೊಟ್ಟ ಬಿರುದು. ‘ರಾಜ್ಯದ ನೆಚ್ಚು’ ಎಂಬ ಅರ್ಥದ್ದು. 1622ರಿಂದ 1628ರ ನಡುವೆ ಇದನ್ನು ಕಟ್ಟಿಸಿದವಳು ಆ ದಂಪತಿಯ ಮಗಳು ನೂರ್ ಜಹಾನ್. ಅವಳ ಅಣ್ಣ ಆಸಫ್ ಖಾನನ ಮಗಳು ಅರ್ಜುಮಂದ್ ಬಾನು. ಈ ಅರ್ಜುಮಂದಳನ್ನೇ ಲೋಕ ಮುಮ್ತಾಜ್ ಮಹಲ್ ಎಂದು ಕರೆಯುತ್ತದೆ.

ಅಂದರೆ ಇದು ಮುಮ್ತಾಜಳ ಅಜ್ಜ-ಅಜ್ಜಿಯ ಗೋರಿ. ಮುಮ್ತಾಜಳಿಗಾಗಿ ತಾಜ್ ಮಹಲಿನ ಕೆಲಸ ಶುರುವಾದದ್ದು 1632ರಲ್ಲಿ, ಇದು ಮುಗಿದ ನಾಲ್ಕು ವರ್ಷಗಳ ಮೇಲೆ. ಆದರೂ ಆಗ್ರಾದ ಆಟೋದವರಿಂದ ಹಿಡಿದು ಪ್ರವಾಸಿ ಕೈಪಿಡಿಗಳವರೆಗೆ ಎಲ್ಲರ ಬಾಯಲ್ಲೂ ಇದರ ಹೆಸರು ‘ಬೇಬಿ ತಾಜ್’. ಅಜ್ಜಿ ಮೊಮ್ಮಗಳಿಗೆ ಕೂಸಾಗಿದ್ದಾಳೆ. ಪಂಪನನ್ನು ಯಾರಾದರೂ ‘ಬೇಬಿ ಕುಮಾರವ್ಯಾಸ’ ಎಂದು ಕರೆದರೆ ನಮ್ಮ ತರಗತಿಗಳಲ್ಲಿ ನಗು ಏಳುತ್ತದೆ. ಆಗ್ರಾದಲ್ಲಿ ಯಾರೂ ನಗುವುದಿಲ್ಲ.

ಹೆಸರು ಎಂದರೆ ಒಂದು ಓದು; ಎಷ್ಟೋ ಸಲ ಮೊದಲ ವಿಮರ್ಶೆಯೂ ಅದೇ. ಕನ್ನಡದಲ್ಲಿ ನಾಗಚಂದ್ರ ‘ಅಭಿನವ ಪಂಪ’ನಾದ. ಅಲ್ಲಿ ಕಿರಿಯನೊಬ್ಬ ಹಿರಿಯನ ಹೆಸರನ್ನು ಹೊತ್ತಿದ್ದಾನೆ, ಕಾಲದ ದಿಕ್ಕು ನೆಟ್ಟಗಿದೆ. ‘ಬೇಬಿ ತಾಜ್’ನಲ್ಲಿ ದಿಕ್ಕು ತಿರುಗಿದೆ. ಬೋರ್ಹೆಸ್ 1951ರಲ್ಲಿ ಕಾಫ್ಕಾನ ಪೂರ್ವಸೂರಿಗಳ ಬಗ್ಗೆ ಬರೆಯುತ್ತಾ, ದೊಡ್ಡ ಲೇಖಕನೊಬ್ಬ ಬಂದ ಮೇಲೆ ಅವನ ಹಿಂದಿನವರನ್ನು ನಾವು ಓದುವ ಬಗೆಯೇ ಬದಲಾಗುತ್ತದೆ ಎಂದು ವಾದಿಸಿದ. ಆ ಮಾತನ್ನು ಒಪ್ಪಬಹುದು. ಆದರೆ ಬೋರ್ಹೆಸನ ಓದಿನಲ್ಲಿ ಹಿಂದಿನವರು ಇನ್ನಷ್ಟು ಸ್ಪಷ್ಟವಾಗಿ ಕಾಣುತ್ತಾರೆ. ಇಲ್ಲಿ ಹಿಂದಿನದು ಕುಗ್ಗುತ್ತದೆ. ನಾನು ಅಲ್ಲಿದ್ದಾಗ ಮಾರ್ಗದರ್ಶಿಯೊಬ್ಬ ಒಂದು ಕುಟುಂಬಕ್ಕೆ ಇದು ತಾಜ್‌ನ ಕರಡು ಪ್ರತಿ ಎಂದು ವಿವರಿಸುತ್ತಿದ್ದ. ಕೇಳಿದವರು ನಾಲ್ಕು ಫೋಟೊ ತೆಗೆದುಕೊಂಡು ಗೇಟಿನ ಕಡೆ ಹೊರಟರು. ಅಂತಿಮ ಪ್ರತಿ ಪೇಟೆಯಲ್ಲಿರುವಾಗ ಕರಡನ್ನು ಯಾರು ಓದುತ್ತಾರೆ?

ಕಟ್ಟಡವನ್ನೇ ನೋಡಿದರೆ ಈ ಕರಡಿನ ಮಾತು ನಿಲ್ಲುವುದಿಲ್ಲ. ತಾಜ್‌ನ ಬಲ ಇರುವುದು ಅದರ ಬಿಳಿ ಬಯಲಿನಲ್ಲಿ. ದೊಡ್ಡ ದೊಡ್ಡ ಹಾಸುಗಳನ್ನು ಖಾಲಿ ಬಿಟ್ಟು, ಆಯ್ದ ಕಡೆ ಮಾತ್ರ ಬಣ್ಣದ ಕಲ್ಲು ಕೂರಿಸಲಾಗಿದೆ. ಇತಿಮಾದ್-ಉದ್-ದೌಲಾದಲ್ಲಿ ಖಾಲಿ ಜಾಗವೇ ಇಲ್ಲ ಎನ್ನಬೇಕು. ಗೋಡೆಯ ಮೇಲೆ ರತ್ನಗಂಬಳಿ ಹೊದಿಸಿದ ಹಾಗೆ ಹಳದಿ, ಕಂದು, ಬೂದು ಕಲ್ಲುಗಳ ಜ್ಯಾಮಿತಿ. ಅದರ ನಡುನಡುವೆ ಹೂದಾನಿ, ಸೈಪ್ರೆಸ್ ಮರ, ಹಣ್ಣಿನ ತಟ್ಟೆ, ಉದ್ದ ಕತ್ತಿನ ಮದ್ಯದ ಹೂಜಿ, ಬಟ್ಟಲು. ಗೋರಿಯ ಗೋಡೆಯ ಮೇಲೆ ಮದ್ಯದ ಹೂಜಿ ಏಕೆ ಎಂದು ಮೊದಲು ಅನಿಸುತ್ತದೆ. ತೋಟ, ಹರಿವ ನೀರು, ತುಂಬಿದ ಬಟ್ಟಲು ಎಲ್ಲವೂ ಪಾರಸಿ ಕಾವ್ಯದಲ್ಲಿ ಈ ಲೋಕದ ಸುಖಕ್ಕೂ ಆ ಲೋಕದ ಸ್ವರ್ಗಕ್ಕೂ ಒಟ್ಟಿಗೆ ಸಲ್ಲುವ ಪ್ರತಿಮೆಗಳು ಎಂಬುದನ್ನು ನೆನೆದರೆ ಗೋಡೆ ಓದಲು ಸಿಗುತ್ತದೆ. ಇರಾನಿನಿಂದ ವಲಸೆ ಬಂದ ಮನೆತನವೊಂದು ತನ್ನ ಭಾಷೆಯ ಕಾವ್ಯಲೋಕವನ್ನು ಕಲ್ಲಿಗೆ ಇಳಿಸಿದೆ.

ಉಳಿದ ವ್ಯತ್ಯಾಸಗಳೂ ಸಣ್ಣವಲ್ಲ. ಇಲ್ಲಿ ಉಬ್ಬಿದ ಗುಮ್ಮಟವಿಲ್ಲ. ನಾಲ್ಕು ಮೂಲೆಗೆ ಗಿಡ್ಡ ಮಿನಾರುಗಳು, ನಡುವೆ ಜಾಲಂಧ್ರಗಳ ಒಂದು ಮೇಲ್ಮಂಟಪ. ಸಮಾಧಿ ಚಾರ್‌ಬಾಗ್ ತೋಟದ ನಟ್ಟನಡುವೆ ಇದೆ. ತಾಜ್ ಆ ನಡುವನ್ನು ಬಿಟ್ಟು ತೋಟದ ಕೊನೆಗೆ, ನದಿಯಂಚಿಗೆ ಸರಿದಿದೆ. ಹುಮಾಯೂನನ ಸಮಾಧಿಯಲ್ಲಿ ಎದ್ದು ಕಾಣುವುದು ಕೆಂಪು ಕಲ್ಲು. ಸಿಕಂದರಾದ ಅಕ್ಬರನ ಸಮಾಧಿಯಲ್ಲಿ ಬಿಳಿ ಅಮೃತಶಿಲೆ ಮೇಲಿನ ಅಂತಸ್ತನ್ನು ಮಾತ್ರ ಆವರಿಸಿದೆ. ಇತಿಮಾದ್-ಉದ್-ದೌಲಾದಲ್ಲಿ ಅದು ಇಡೀ ಮೈಯನ್ನು ಹೊದ್ದಿದೆ. ಹೀಗೆ ನೋಡಿದರೆ ಇದು ತಾಜ್ ಆಗಲಾರದೆ ಉಳಿದದ್ದಲ್ಲ. ಬೇರೆಯೇ ಒಂದು ದಾರಿಯನ್ನು ಕೊನೆಯವರೆಗೂ ನಡೆದದ್ದು.

ಹಾಗಿದ್ದರೂ ಈ ಹೆಸರು ಅಂಟಿಕೊಂಡದ್ದು ಏಕೆ? ಗಾತ್ರ ಒಂದು ಕಾರಣ. ಇನ್ನೊಂದು, ಕತೆ. ತಾಜ್‌ಗೆ ಎಲ್ಲರಿಗೂ ಗೊತ್ತಿರುವ ಕತೆಯಿದೆ: ಗಂಡ, ಸತ್ತ ಹೆಂಡತಿ, ಅವನ ದುಃಖ, ಅದಕ್ಕೊಂದು ಕಟ್ಟಡ. ನಮ್ಮ ಸಿನಿಮಾ, ಭಾವಗೀತೆ, ಮದುವೆಯ ಆಲ್ಬಂ ಎಲ್ಲವೂ ಅದರ ಮೇಲೆ ಬದುಕಿವೆ. ಇತಿಮಾದ್-ಉದ್-ದೌಲಾಗೆ ಅಂಥ ಕತೆ ಇಲ್ಲವೆಂದು ನಾವು ಅಂದುಕೊಂಡಿದ್ದೇವೆ.

ಕತೆ ಇದೆ. ಅಸ್ಮತ್ ಬೇಗಂ ತೀರಿಕೊಂಡದ್ದು 1621ರಲ್ಲಿ. ಗುಲಾಬಿಯ ಅತ್ತರನ್ನು ಕಂಡುಹಿಡಿದವಳು ಎಂದು ಜಹಾಂಗೀರ್ ತನ್ನ ಆತ್ಮಕಥನದಲ್ಲಿ ಹೆಸರಿಸುವ ಹೆಣ್ಣು ಈಕೆಯೇ. ಅವಳು ಹೋದ ಮೇಲೆ ಘಿಯಾಸ್ ಬೇಗ್ ಕೊರಗಿನಲ್ಲಿ ದಿನದಿನಕ್ಕೆ ಕುಸಿದದ್ದನ್ನೂ ಜಹಾಂಗೀರ್ ದಾಖಲಿಸಿದ್ದಾನೆ. ಕೆಲವೇ ತಿಂಗಳಲ್ಲಿ, 1622ರ ಜನವರಿಯಲ್ಲಿ, ಅವನೂ ಹೋದ. ಬಾದಶಹ ಅವನ ಆಸ್ತಿಯನ್ನು ಕೊಟ್ಟದ್ದು ಮಗ ಆಸಫ್ ಖಾನನಿಗಲ್ಲ, ಮಗಳು ನೂರ್ ಜಹಾನಳಿಗೆ. ಅವಳು ನದಿಯಂಚಿನ ತಂದೆಯ ತೋಟದಲ್ಲಿ ತಂದೆ-ತಾಯಿ ಇಬ್ಬರಿಗೂ ಈ ಕಟ್ಟಡ ಎಬ್ಬಿಸಿದಳು.

ಇಷ್ಟೆಲ್ಲ ಇದ್ದೂ ಇದು ‘ಪ್ರೇಮದ ಸ್ಮಾರಕ’ ಆಗಲಿಲ್ಲ. ಕಟ್ಟಿಸಿದವಳು ಮಗಳು, ಮಗಳು ತಂದೆ-ತಾಯಿಯ ಮೇಲಿಟ್ಟ ಪ್ರೀತಿಯನ್ನು ಪ್ರೇಮಕಥೆಯಾಗಿ ಓದುವ ರೂಢಿ ನಮಗಿಲ್ಲ. ಗಂಡು ಹೆಣ್ಣಿಗಾಗಿ ಕಟ್ಟಿಸಿದರೆ ಅದು ಪ್ರೇಮ. ಹೆಣ್ಣು ತನ್ನ ಹೆತ್ತವರಿಗೆ ಕಟ್ಟಿಸಿದರೆ ‘ಒಡವೆಯ ಪೆಟ್ಟಿಗೆ’. ಈ ಸಮಾಧಿಯ ಕುಸುರಿಯನ್ನು ಹೊಗಳುವವರು ಮತ್ತೆ ಮತ್ತೆ ಬಳಸುವ ಹೋಲಿಕೆ ಇದೇ. ಹೊಗಳಿಕೆಯೇನೋ ಸರಿ, ಆದರೆ ಅದು ಕಟ್ಟಡವನ್ನು ಡ್ರೆಸ್ಸಿಂಗ್ ಟೇಬಲ್ ಮೇಲಿನ ವಸ್ತುವಾಗಿಸುತ್ತದೆ. ತನ್ನ ಹೆಸರಿನಲ್ಲಿ ನಾಣ್ಯ ಟಂಕಿಸಿದ, ಫರ್ಮಾನು ಹೊರಡಿಸಿದ ರಾಜಕಾರಣಿಯೊಬ್ಬಳ ಕೆಲಸ ಇದು ಎಂಬುದು ‘ಬೇಬಿ’ ಮತ್ತು ‘ಪೆಟ್ಟಿಗೆ’ಗಳ ನಡುವೆ ಕಳೆದುಹೋಗುತ್ತದೆ.

ಹೆಸರು ಮುಚ್ಚಿಡುವ ಇನ್ನೊಂದು ಸಂಗತಿ ಒಳಕೋಣೆಯಲ್ಲಿದೆ. ಅಲ್ಲಿ ಕೋಣೆಯ ಸರಿಯಾದ ನಡುವಿನಲ್ಲಿರುವುದು ಅಸ್ಮತ್ ಬೇಗಂಳ ಗೋರಿ. ಕಟ್ಟಡಕ್ಕೆ ತನ್ನ ಬಿರುದನ್ನೇ ಕೊಟ್ಟ ಘಿಯಾಸ್ ಬೇಗ್ ಅವಳ ಪಕ್ಕದಲ್ಲಿದ್ದಾನೆ, ನಡುವಿನಲ್ಲಲ್ಲ. ಈಗ ತಾಜ್‌ನ ಒಳಗನ್ನು ನೆನಪಿಸಿಕೊಳ್ಳಿ. ಅಲ್ಲಿಯೂ ಮುಮ್ತಾಜ್ ನಡುವೆ, ಶಾಹಜಹಾನ್ ಪಕ್ಕಕ್ಕೆ. ಇಡೀ ತಾಜ್‌ನ ಸಮತೋಲವನ್ನು ಕೆಡಿಸುವುದು ಇದೊಂದೇ ಎಂದು ಮಾರ್ಗದರ್ಶಿಗಳು ಹೇಳುತ್ತಾರೆ. ಶಾಹಜಹಾನ್ ಅಲ್ಲಿರಬೇಕಾದವನೇ ಅಲ್ಲ, ನದಿಯಾಚೆ ತನಗೊಂದು ಕಪ್ಪು ತಾಜ್ ಕಟ್ಟಿಸಬೇಕೆಂದಿದ್ದ, ಔರಂಗಜೇಬ್ ಅವನನ್ನು ಇಲ್ಲಿ ತುರುಕಿದ ಎಂದು ಕತೆ ಮುಂದುವರಿಯುತ್ತದೆ. ನದಿಯಾಚೆಯ ಸಮಾಧಿಯ ಮಾತನ್ನು ಬರೆದಿಟ್ಟವನು ಫ್ರೆಂಚ್ ವ್ಯಾಪಾರಿ ತಾವೆರ್ನಿಯೆ. ಆಚೆ ದಂಡೆಯ ಮೆಹ್ತಾಬ್ ಬಾಗ್‌ನಲ್ಲಿ ಅಗೆದಾಗ ಸಿಕ್ಕಿದ್ದು ಸಮಾಧಿಯ ಅಡಿಪಾಯವಲ್ಲ, ಎಂಟು ಮೂಲೆಯ ಒಂದು ಕೊಳ. ಮುಮ್ತಾಜಳ ಅಜ್ಜಿಯ ಗೋರಿಯನ್ನು ಮೊದಲು ನೋಡಿದವರಿಗೆ ತಾಜ್‌ನ ಈ ಜೋಡಣೆ ಕೆಟ್ಟ ಸಮತೋಲವಾಗಿ ಕಾಣಬೇಕಿಲ್ಲ. ಮೊದಲು ಹೋದ ಹೆಂಡತಿ ನಡುವೆ, ಆಮೇಲೆ ಬಂದ ಗಂಡ ಪಕ್ಕದಲ್ಲಿ: ಈ ಕ್ರಮ ಅದೇ ಕುಟುಂಬದಲ್ಲಿ, ಅದೇ ಊರಲ್ಲಿ, ಒಂದು ತಲೆಮಾರಿನ ಹಿಂದೆಯೇ ಇತ್ತು.

ತಾಜ್ ದೊಡ್ಡದಲ್ಲ ಎಂದು ನಾನು ವಾದಿಸುತ್ತಿಲ್ಲ. ಎರಡನ್ನೂ ತಕ್ಕಡಿಗೆ ಹಾಕಿ ಇದೇ ಮೇಲು ಎನ್ನುವುದು ಅದೇ ತಪ್ಪನ್ನು ಉಲ್ಟಾ ಮಾಡಿದಂತೆ. ‘ಬೇಬಿ ತಾಜ್’ ಎಂಬ ಹೆಸರು ಒಂದಷ್ಟು ಜನರನ್ನು ಇಲ್ಲಿಗೆ ಕರೆತರುತ್ತದೆ ಎಂಬುದೂ ನಿಜ. ಆದರೆ ಕರೆತಂದು ಏನನ್ನು ನೋಡಬೇಕೆಂದು ಅದೇ ಹೇಳಿಬಿಡುತ್ತದೆ. ಈ ಚಾಳಿ ಆಗ್ರಾಕ್ಕೆ ಸೀಮಿತವೂ ಅಲ್ಲ. ನಮ್ಮ ವಿಜಯಪುರದ ಇಬ್ರಾಹಿಂ ರೋಜಾ ಹೆಚ್ಚು ಕಡಿಮೆ ಇದೇ ಕಾಲದ್ದು. ಅಲ್ಲಿಯೂ ಕಟ್ಟಡದ ಬಗ್ಗೆ ಕೇಳಿದರೆ ತಾಜ್‌ಗೆ ಪ್ರೇರಣೆಯಾಯಿತು ಎಂಬುದೇ ಮೊದಲ ಮಾತು, ಆದಿಲ್‌ಶಾಹಿಗಳದು ಆಮೇಲೆ.

ನೂರ್ ಜಹಾನಳ ಮುಂದಿನ ಪಾಡು ಬೇರೆ. 1627ರಲ್ಲಿ ಜಹಾಂಗೀರ್ ಸತ್ತ. ಶಾಹಜಹಾನ್ ಗದ್ದುಗೆಗೆ ಬಂದ ಮೇಲೆ ಅವಳ ಅಧಿಕಾರ ಮುಗಿಯಿತು. 1645ರಲ್ಲಿ ಲಾಹೋರಿನಲ್ಲಿ ತೀರಿಕೊಂಡಳು. ಅಲ್ಲಿನ ಶಾಹದರಾದಲ್ಲಿ ಅವಳ ಗೋರಿಯಿದೆ, ಪಕ್ಕದಲ್ಲಿ ಮಗಳು ಲಾಡ್ಲಿ ಬೇಗಂಳದು. ಹೆತ್ತವರಿಗೆ ಅವಳು ಕಟ್ಟಿಸಿದ ಮನೆ ಆಗ್ರಾದಲ್ಲಿ ಉಳಿಯಿತು. ಮುಂದಿನ ಸಲ ಆಗ್ರಾಕ್ಕೆ ಹೋಗುವವರು ಬೆಳಗ್ಗೆ ಇಲ್ಲಿಗೆ ಬಂದು, ನಡುವಿನ ಗೋರಿ ಯಾರದೆಂದು ನೋಡಿಕೊಂಡು, ಆಮೇಲೆ ನದಿ ದಾಟಿ ಮೊಮ್ಮಗಳ ಬಳಿಗೆ ಹೋಗುವುದು ಒಳ್ಳೆಯದು.