ರಂಗಾಪುರದ ರಾತ್ರಿಗಳು ಯಾರ ಪಾಲಿಗೆ?

ಖಗೋಳ ಸಂಶೋಧಕರಿಗೆ ಈಚಿನ ವರ್ಷಗಳಲ್ಲಿ ಒಳ್ಳೆಯ ಸುದ್ದಿಗೆ ಬರವಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಆದಿತ್ಯ-ಎಲ್1 ಹಾರಿತು. 2024ರ ಅಕ್ಟೋಬರ್‌ನಲ್ಲಿ ಲಡಾಖಿನ ಹಾನ್ಲೆಯಲ್ಲಿ 21 ಮೀಟರ್ ವ್ಯಾಸದ ಮೇಸ್ ಗಾಮಾ ಕಿರಣ ದೂರದರ್ಶಕದ ಉದ್ಘಾಟನೆಯಾಯಿತು. ಬಾರ್ಕ್ ಜೊತೆ ಸೇರಿ ಅದನ್ನು ಕಟ್ಟಿದವರಲ್ಲಿ ನಮ್ಮ ಹೈದರಾಬಾದಿನ ಇಸಿಐಎಲ್ ಕೂಡ ಇದೆ. 2025ರ ಜೂನ್‌ನಲ್ಲಿ ಚಿಲಿ ದೇಶದ ರೂಬಿನ್ ವೀಕ್ಷಣಾಲಯ ತನ್ನ ಮೊದಲ ಚಿತ್ರಗಳನ್ನು ತೋರಿಸಿತು. ಇವೆಲ್ಲ ದೊಡ್ಡ ಸುದ್ದಿಗಳು, ಸಂಭ್ರಮಕ್ಕೆ ತಕ್ಕವು. ಆದರೆ ಹೈದರಾಬಾದಿನಲ್ಲೋ ಕಲಬುರಗಿಯಲ್ಲೋ ರಾಯಚೂರಿನಲ್ಲೋ ಕೂತು ಆಕಾಶವನ್ನು ಅಳೆಯಬೇಕೆನ್ನುವ ಒಬ್ಬ ಸಂಶೋಧನಾ ವಿದ್ಯಾರ್ಥಿಗೆ ಇವುಗಳಿಂದ ನೇರವಾಗಿ ಒಂದು ರಾತ್ರಿಯೂ ಸಿಗುವುದಿಲ್ಲ. ಆ ರಾತ್ರಿಗಳು ಸಿಗಬಹುದಾದ ಜಾಗ ನಾಗಾರ್ಜುನ ಸಾಗರದ ದಾರಿಯಲ್ಲಿ, ನಗರದಿಂದ ಐವತ್ತು ಚಿಲ್ಲರೆ ಕಿಲೋಮೀಟರ್ ದೂರದಲ್ಲಿದೆ: ಉಸ್ಮಾನಿಯಾ ವಿಶ್ವವಿದ್ಯಾಲಯದ ಜಪಾಲ-ರಂಗಾಪುರ ವೀಕ್ಷಣಾಲಯ. ಅಲ್ಲಿನ 48 ಇಂಚಿನ ದೂರದರ್ಶಕ 1960ರ ದಶಕದ ಕೊನೆಗೆ ಕೆಲಸ ಶುರುಮಾಡಿದಾಗ ದೇಶದಲ್ಲಿ ಅದಕ್ಕಿಂತ ದೊಡ್ಡದು ಇರಲಿಲ್ಲ. ಅದು ಕುಂಟುತ್ತಾ ಬಂದಿರುವುದು ಈಗ ಗುಟ್ಟೇನಲ್ಲ. ಅದನ್ನು ಮತ್ತೆ ನಿತ್ಯದ ದುಡಿಮೆಗೆ ಹಚ್ಚಬೇಕು, ಹೊರಗಿನ ಸಂಶೋಧಕರಿಗೂ ತೆರೆಯಬೇಕು ಎಂಬುದು ನನ್ನ ವಾದ. ಕಾರಣ ಅಭಿಮಾನವಲ್ಲ, ಆ ಅಳತೆಯ ಕನ್ನಡಿಗೆ ಮಾತ್ರ ಒಗ್ಗುವ ಕೆಲಸ ಇನ್ನೂ ಬೇಕಾದಷ್ಟಿದೆ.

ಸಣ್ಣ ಉಪಕರಣ ಬಹುಕಾಲ ದುಡಿದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಬೇರೆಲ್ಲೂ ಹುಡುಕಬೇಕಿಲ್ಲ, ಹೈದರಾಬಾದಿನಲ್ಲೇ ಇದೆ. ನವಾಬ್ ಜಫರ್ ಜಂಗ್ ತನ್ನ ಸ್ವಂತ ಆಸಕ್ತಿಯಿಂದ 1901ರಲ್ಲಿ ಹಾಕಿದ ಬುನಾದಿಯ ಮೇಲೆ ನಿಜಾಮಿಯಾ ವೀಕ್ಷಣಾಲಯ ಎದ್ದಿತು. ಅವರ ನಿಧನದ ನಂತರ, 1908ರಲ್ಲಿ, ನಿಜಾಮ ಸರ್ಕಾರ ಅದನ್ನು ವಹಿಸಿಕೊಂಡು ಬೇಗಂಪೇಟೆಯಲ್ಲಿ ನೆಲೆಗೊಳಿಸಿತು. ಆಗಿನ ಹೈದರಾಬಾದ್ ಸಂಸ್ಥಾನದಲ್ಲಿ ಕಲಬುರಗಿ, ಬೀದರ್, ರಾಯಚೂರು ಜಿಲ್ಲೆಗಳಿದ್ದವು ಎಂಬುದನ್ನು ಕನ್ನಡಿಗರು ಮರೆಯಬಾರದು. ಅಲ್ಲಿನ ಖರ್ಚಿನಲ್ಲಿ ನಮ್ಮ ಹೊಲಗಳ ಕಂದಾಯದ ಪಾಲೂ ಇತ್ತು. ಪ್ಯಾರಿಸ್ಸಿನಲ್ಲಿ 1887ರಲ್ಲಿ ಗೊತ್ತುಮಾಡಿದ ಆಕಾಶದ ನಕ್ಷೆಯ ಮಹಾ ಯೋಜನೆಯನ್ನು ಜಗತ್ತಿನ ಸುಮಾರು ಇಪ್ಪತ್ತು ವೀಕ್ಷಣಾಲಯಗಳು ಹಂಚಿಕೊಂಡಿದ್ದವು. ಚಿಲಿಯ ಸಾಂಟಿಯಾಗೊ ತನ್ನ ಪಾಲನ್ನು ಕೈಬಿಟ್ಟಾಗ, ದಕ್ಷಿಣದ 17ರಿಂದ 23 ಡಿಗ್ರಿವರೆಗಿನ ಪಟ್ಟಿ ಹೈದರಾಬಾದಿಗೆ ಬಂತು. ಅದು ಮುಗಿಯುತ್ತಾ ಬಂದ ಮೇಲೆ, ಜರ್ಮನಿಯ ಪಾಟ್ಸ್‌ಡಾಮ್ ಅರ್ಧಕ್ಕೆ ಬಿಟ್ಟಿದ್ದ ಉತ್ತರದ ಪಟ್ಟಿಯ ಒಂದು ಭಾಗವನ್ನೂ ಇಲ್ಲಿಯವರು ಎತ್ತಿಕೊಂಡರು. ಕೈಯಲ್ಲಿದ್ದದ್ದು ಎಂಟು ಇಂಚಿನ ಮಸೂರದ ಕುಕ್ ದೂರದರ್ಶಕ. ಗಾಜಿನ ಫಲಕದ ಮೇಲೆ ಮೊದಲೇ ಐದು ಮಿಲಿಮೀಟರ್ ಅಂತರದ ಗೆರೆಗಳ ಜಾಲ ಮೂಡಿಸಿ, ಅದರ ಮೇಲೆ ಆಕಾಶದ ಚಿತ್ರ ಹಿಡಿಯಬೇಕು; ಫಲಕದ ಒಂದು ಮಿಲಿಮೀಟರ್ ಅಂದರೆ ಆಕಾಶದಲ್ಲಿ ಒಂದು ಆರ್ಕ್‌ಮಿನಿಟ್. ಬಳಿಕ ಒಬ್ಬೊಬ್ಬ ಸಹಾಯಕ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಪ್ರತಿ ಚುಕ್ಕೆ ಹತ್ತಿರದ ಗೆರೆಯಿಂದ ಎಷ್ಟು ಆಚೆ, ಎಷ್ಟು ಮೇಲೆ ಎಂದು ಅಳೆದು ಬರೆದುಕೊಳ್ಳಬೇಕು. ಪೊಕಾಕ್ ಆಮೇಲೆ ಭಾಸ್ಕರನ್ ಎಂಬ ನಿರ್ದೇಶಕರ ಕೈಕೆಳಗೆ ದಶಕಗಟ್ಟಲೆ ಹೀಗೆ ಲಕ್ಷಾಂತರ ನಕ್ಷತ್ರಗಳ ಲೆಕ್ಕ ಸಂಪುಟ ಸಂಪುಟವಾಗಿ ಅಚ್ಚಾಯಿತು.

ಆ ಕೆಲಸ ವ್ಯರ್ಥ ಎಂದು ಬಹುಕಾಲ ಪಂಡಿತರೇ ಹೇಳಿದರು. ಅಷ್ಟರಲ್ಲಿ ಜ್ಯೋತಿರ್ಭೌತವಿಜ್ಞಾನ ಬೇರೆ ದಾರಿ ಹಿಡಿದಿತ್ತು, ಸಂಪುಟಗಳು ಕಪಾಟು ಸೇರಿದ್ದವು. ಆದರೆ ಯುರೋಪಿನ ಹಿಪಾರ್ಕಸ್ ಉಪಗ್ರಹ 1989ರಲ್ಲಿ ಹಾರಿ ನಕ್ಷತ್ರಗಳ ಹೊಸ ಸ್ಥಾನಗಳನ್ನು ಕೊಟ್ಟಾಗ, ಅವು ಎಷ್ಟು ಚಲಿಸಿವೆ ಎಂದು ತಿಳಿಯಲು ಹಳೆಯ ಸ್ಥಾನಗಳು ಬೇಕಾದವು. ಸುಮಾರು ನೂರು ವರ್ಷದ ಅಂತರ ಕೊಡಬಲ್ಲ ಅಷ್ಟು ವಿಸ್ತಾರದ ಕಡತ ಬೇರೆ ಯಾವುದೂ ಇರಲಿಲ್ಲ. 25 ಲಕ್ಷ ನಕ್ಷತ್ರಗಳ ಚಲನೆ ದಾಖಲಿಸಿ 2000ದಲ್ಲಿ ಪ್ರಕಟವಾದ ಟೈಕೊ-2 ಪಟ್ಟಿಯ ತಳದಲ್ಲಿ ಬೇಗಂಪೇಟೆಯ ಗಾಜಿನ ಫಲಕಗಳೂ ಇವೆ. ಎಂಟು ಇಂಚಿನ ಮಸೂರಕ್ಕೆ ಈ ಬೆಲೆ ಬಂದದ್ದು ಗಾತ್ರದಿಂದಲ್ಲ, ಬಿಡದೆ ಮಾಡಿದ ಮೂವತ್ತು ಚಿಲ್ಲರೆ ವರ್ಷಗಳಿಂದ. ಮನುಷ್ಯರನ್ನು ತಯಾರಿಸಿದ್ದೂ ಅದೇ ಅಂಗಳ. ಅಲ್ಲಿ ಸಹಾಯಕರಾಗಿದ್ದವರ ಮಗ, ನಿಜಾಂ ಕಾಲೇಜಿನಲ್ಲಿ ಓದಿದ ವೇಣು ಬಾಪು, ಮುಂದೆ ಹಾರ್ವರ್ಡಿಗೆ ಹೋಗಿ 1949ರಲ್ಲಿ ಧೂಮಕೇತು ಕಂಡರು, ಕಾವಲೂರಿನ ವೀಕ್ಷಣಾಲಯ ಕಟ್ಟಿದರು, ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆಗೆ ರೂಪ ಕೊಟ್ಟರು. ದೂರದರ್ಶಕ ಕೈಗೆ ಎಟುಕುವಷ್ಟು ಹತ್ತಿರ ಇದ್ದದ್ದು ಆ ಬದುಕಿನಲ್ಲಿ ಸಣ್ಣ ಸಂಗತಿಯಲ್ಲ.

ರಂಗಾಪುರ ಈ ಪರಂಪರೆಯ ಮುಂದಿನ ಮನೆ. ಖಗೋಳವಿಜ್ಞಾನಿ ಕೃಷ್ಣ ದಾಮೋದರ ಅಭ್ಯಂಕರ್ ಅದನ್ನು ಕಟ್ಟಿ ಬೆಳೆಸಿದರು. 1980ರ ಫೆಬ್ರವರಿ 16ರ ಪೂರ್ಣ ಸೂರ್ಯಗ್ರಹಣದ ನೆರಳು ಕಾರವಾರದ ಕರಾವಳಿಯಿಂದ ರಾಯಚೂರಿನ ಕಡೆಗೆ ಸಾಗಿ ಈ ವೀಕ್ಷಣಾಲಯದ ಮೇಲೂ ಹಾಯ್ದಿತು. ಆದರೆ ಇಲ್ಲಿನವರ ನಿಜವಾದ ಪರಿಣತಿ ಗ್ರಹಣಕಾರಿ ಜೋಡಿ ನಕ್ಷತ್ರಗಳಲ್ಲಿ. ಪರ್ಸಿಯಸ್ ರಾಶಿಯ ಆಲ್ಗಾಲ್ ಬರಿಗಣ್ಣಿಗೇ ಕಾಣುವ ಉದಾಹರಣೆ: ಸುಮಾರು 2 ದಿನ 20 ಗಂಟೆ 49 ನಿಮಿಷಕ್ಕೊಮ್ಮೆ ಮಂಕಾಗುತ್ತದೆ, ಏಕೆಂದರೆ ಒಂದು ನಕ್ಷತ್ರ ಇನ್ನೊಂದರ ಮುಂದೆ ಹಾಯುತ್ತದೆ. ಇಂಥ ಜೋಡಿ ಅತಿ ಮಂಕಾಗುವ ಗಳಿಗೆಯನ್ನು ಅಳೆದು, ಲೆಕ್ಕದ ಗಳಿಗೆಯೊಂದಿಗೆ ಹೋಲಿಸಬೇಕು. ಹತ್ತು, ಇಪ್ಪತ್ತು ವರ್ಷಗಳ ವ್ಯತ್ಯಾಸಗಳನ್ನು ಒಂದು ಕಾಗದದ ಮೇಲೆ ಇಟ್ಟಾಗ ಚುಕ್ಕೆಗಳು ಬಿಲ್ಲಿನಂತೆ ಬಾಗಿದರೆ ಒಂದರಿಂದ ಇನ್ನೊಂದಕ್ಕೆ ವಸ್ತು ಹರಿಯುತ್ತಿರಬಹುದು. ಅಲೆಯಂತೆ ಏರಿಳಿದರೆ ಕಾಣದ ಮೂರನೆಯ ಸಂಗಾತಿ ಇರಬಹುದು. ಈ ಪ್ರಶ್ನೆಗೆ ಉತ್ತರ ಕೊಡುವುದು ಒಂದು ರಾತ್ರಿಯ ಮಹಾ ಕನ್ನಡಿಯಲ್ಲ, ಇಪ್ಪತ್ತು ವರ್ಷದ ಸಾಧಾರಣ ಕನ್ನಡಿ.

ದೊಡ್ಡ ಸೌಲಭ್ಯಗಳು ಈ ಬಗೆಯ ಕೆಲಸಕ್ಕೆ ಏಕೆ ಒದಗುವುದಿಲ್ಲ ಎಂಬುದು ಸಮಯ ಹಂಚಿಕೆಯ ರೀತಿ ಗೊತ್ತಿದ್ದವರಿಗೆ ಅರ್ಥವಾಗುತ್ತದೆ. ಹಾನ್ಲೆಯಲ್ಲಿರುವ 2 ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದಲೇ ನಡೆಸುತ್ತಾರೆ. ವರ್ಷಕ್ಕೆ ಮೂರು ಸರದಿಯಲ್ಲಿ ಪ್ರಸ್ತಾವನೆ ಕರೆಯುತ್ತಾರೆ. ಪುಣೆ ಹತ್ತಿರದ ಜಿಎಂಆರ್‌ಟಿ ರೇಡಿಯೊ ದೂರದರ್ಶಕದ್ದು ವರ್ಷಕ್ಕೆ ಎರಡು ಸರದಿ. ಯಾವ ವಿಶ್ವವಿದ್ಯಾಲಯದವರಾದರೂ ಅರ್ಜಿ ಹಾಕಬಹುದು, ಹಾಕಬೇಕು ಕೂಡ. ಇದು ನಮ್ಮ ವಿಜ್ಞಾನ ವ್ಯವಸ್ಥೆಯ ಹೆಮ್ಮೆಪಡಬೇಕಾದ ಗುಣ. ಆದರೆ ಸಮಯ ಹಂಚುವ ಸಮಿತಿ ಕೊಡುವುದು ಕೆಲವೇ ರಾತ್ರಿ. ಅದೂ ಪ್ರಶ್ನೆ ಹರಿತವಾಗಿ, ಎಷ್ಟು ನಿಮಿಷದ ಬೆಳಕು ಬೇಕೆಂಬ ಲೆಕ್ಕ ಪಕ್ಕಾ ಆಗಿದ್ದರೆ ಮಾತ್ರ. ಆ ಲೆಕ್ಕ ಪುಸ್ತಕದಿಂದ ಬರುವುದಿಲ್ಲ. ಮೋಡ ಹಾಯ್ದ ರಾತ್ರಿ, ಫೋಕಸ್ ಜಾರಿದ ಚಿತ್ರ, ತಪ್ಪು ಹೋಲಿಕೆ ನಕ್ಷತ್ರ ಇವನ್ನೆಲ್ಲ ತನ್ನ ಊರಿನ ದೂರದರ್ಶಕದಲ್ಲಿ ದಾಟಿ ಬಂದವರ ಅರ್ಜಿಗೂ ದಾಟದವರ ಅರ್ಜಿಗೂ ಇರುವ ಅಂತರವನ್ನು ಸಮಿತಿ ಬೇಗ ಗುರುತಿಸುತ್ತದೆ. ರಂಗಾಪುರ ಹಾನ್ಲೆಗೆ ಪ್ರತಿಸ್ಪರ್ಧಿಯಲ್ಲ, ಹಾನ್ಲೆಗೆ ಹೋಗುವ ಮೆಟ್ಟಿಲು.

ಹಳೆಯ, ಚಿಕ್ಕ ದೂರದರ್ಶಕದಿಂದ ಇನ್ನೇನು ಬಂದೀತು ಎನ್ನುವವರು ಅಮೆರಿಕದ ಪಾಲೊಮರ್ ಬೆಟ್ಟದ ಕಡೆ ನೋಡಬೇಕು. ಅಲ್ಲಿನ ಸ್ಯಾಮುಯೆಲ್ ಓಶಿನ್ ದೂರದರ್ಶಕ 1948ರದು, ಅಳತೆ ರಂಗಾಪುರದಂತೆಯೇ 48 ಇಂಚು. ಹೊಸ ಕ್ಯಾಮೆರಾ ತೊಡಿಸಿ 2018ರಿಂದ ಅದನ್ನು ಜ್ವಿಕಿ ಸಮೀಕ್ಷೆಗೆ ಹಚ್ಚಿದ್ದಾರೆ. ಸಿಡಿಯುವ ನಕ್ಷತ್ರಗಳ ಬೇಟೆಯಲ್ಲಿ ಅದು ಮುಂಚೂಣಿಯಲ್ಲಿದೆ. ಅದು ವಿಶಾಲ ಕ್ಷೇತ್ರದ ಶ್ಮಿಟ್ ದೂರದರ್ಶಕ, ರಂಗಾಪುರದ್ದು ಕಿರಿದಾದ ಕ್ಷೇತ್ರದ್ದು, ಹಾಗಾಗಿ ಹೋಲಿಕೆಯನ್ನು ಹೆಚ್ಚು ಎಳೆಯಬಾರದು. ಹುಡುಕುವ ಕೆಲಸ ಇದಕ್ಕಾಗದು. ಆದರೆ ಬೇರೆಯವರು ಹುಡುಕಿದ್ದನ್ನು ಬೆಂಬತ್ತುವ ಕೆಲಸ ಆಗುತ್ತದೆ, ಮತ್ತು ರೂಬಿನ್ ಬಂದ ಮೇಲೆ ಬೆಂಬತ್ತಬೇಕಾದದ್ದು ರಾಶಿ ರಾಶಿಯಾಗಲಿದೆ. ಹಾನ್ಲೆಯಲ್ಲಿ 70 ಸೆಂಟಿಮೀಟರಿನ ಗ್ರೋತ್ ಇಂಡಿಯಾ ಎಂಬ ಸ್ವಯಂಚಾಲಿತ ದೂರದರ್ಶಕ ಈ ಕೆಲಸವನ್ನು 2018ರಿಂದ ಮಾಡಿ ತೋರಿಸಿದೆ. ರಂಗಾಪುರದ ಕನ್ನಡಿ ಅದಕ್ಕಿಂತ ದೊಡ್ಡದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೆಳಕಿನದು. ಹೈದರಾಬಾದ್ ಹೊರವರ್ತುಲ ರಸ್ತೆಯನ್ನೂ ದಾಟಿ ಚಾಚುತ್ತಿದೆ, ರಂಗಾಪುರದ ಕತ್ತಲೆ ಅಭ್ಯಂಕರರ ಕಾಲದ ಕತ್ತಲೆಯಲ್ಲ. ಒಪ್ಪಬೇಕು, ಮಂಕು ಗ್ಯಾಲಕ್ಸಿಗಳ ಅಧ್ಯಯನ ಅಲ್ಲಿ ಮುಗಿದ ಮಾತು. ಆದರೆ ಜೋಡಿ ನಕ್ಷತ್ರದ ಬೆಳಕನ್ನು ಅದೇ ಚಿತ್ರದಲ್ಲಿರುವ ಪಕ್ಕದ ನಕ್ಷತ್ರದೊಂದಿಗೆ ಹೋಲಿಸಿ ಅಳೆಯುವಾಗ ಹಿನ್ನೆಲೆಯ ಬೆಳಕು ಎರಡಕ್ಕೂ ಒಂದೇ, ಅದನ್ನು ಕಳೆಯಬಹುದು. ಹೊಳಪಾಗಿ ಕಾಣುವ, ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಷ್ಟು ದೊಡ್ಡ ಗ್ರಹ ಹಾದಾಗ ಬೆಳಕು ಸುಮಾರು ಶೇ 1ರಷ್ಟು ತಗ್ಗುತ್ತದೆ. ಒಳ್ಳೆಯ ಸಿಸಿಡಿ ಕ್ಯಾಮೆರಾ ಇದ್ದರೆ ಈ ಇಳಿಕೆ ಇಲ್ಲಿಂದಲೂ ಸಿಕ್ಕುತ್ತದೆ. ಇನ್ನೊಂದು ಆಕ್ಷೇಪ ಹಣದ್ದು: ಇಷ್ಟು ಖರ್ಚನ್ನು ರಾಷ್ಟ್ರೀಯ ಸಂಸ್ಥೆಗಳಿಗೇ ಕೊಡಬಾರದೇ? ಕನ್ನಡಿಗೆ ಹೊಸ ಅಲ್ಯೂಮಿನಿಯಂ ಲೇಪ, ಗುಮ್ಮಟದ ದುರಸ್ತಿ, ಕ್ಯಾಮೆರಾ, ಚಾಲನಾ ವ್ಯವಸ್ಥೆ, ಇಬ್ಬರು ತಂತ್ರಜ್ಞರ ಕಾಯಂ ಸಂಬಳ: ಇವು ಹೊಸ ವೀಕ್ಷಣಾಲಯದ ಖರ್ಚಿನ ಹತ್ತಿರಕ್ಕೂ ಬರುವುದಿಲ್ಲ. ಇವುಗಳಲ್ಲಿ ಕೊನೆಯದೇ ಮುಖ್ಯ. ನಮ್ಮಲ್ಲಿ ಯಂತ್ರ ಕೊಳ್ಳಲು ಹಣ ಹುಟ್ಟುತ್ತದೆ, ಅದನ್ನು ದಿನವೂ ಒರೆಸಿ ಇಡುವವರ ಸಂಬಳಕ್ಕೆ ಹುಟ್ಟುವುದಿಲ್ಲ.

ತೆರೆಯುವುದು ಹೇಗೆ ಎಂಬುದಕ್ಕೂ ಮಾದರಿ ಇದೆ. ಹಾನ್ಲೆಯವರಂತೆ ರಂಗಾಪುರವೂ ಸರದಿ ಗೊತ್ತುಮಾಡಿ ಪ್ರಸ್ತಾವನೆ ಕರೆಯಲಿ. ಮುಂಗಾರು ಕಳೆದ ಅಕ್ಟೋಬರ್‌ನಿಂದ ಮೇ ತಿಂಗಳವರೆಗಿನ ರಾತ್ರಿಗಳಲ್ಲಿ ಒಂದು ಪಾಲು ಉಸ್ಮಾನಿಯಾದ ಖಗೋಳ ವಿಭಾಗಕ್ಕೆ, ಒಂದು ಪಾಲು ಕಲಬುರಗಿಯ ಗುಲಬರ್ಗಾ, ವಾರಂಗಲ್ಲಿನ ಕಾಕತೀಯ ಮೊದಲಾದ ವಿಶ್ವವಿದ್ಯಾಲಯಗಳಿಗೆ ಮೀಸಲಿರಲಿ. ಅಳತೆಗಳೆಲ್ಲ ಒಂದು ವರ್ಷದ ಬಳಿಕ ಸಾರ್ವಜನಿಕವಾಗಲಿ. ಆಸ್ಟ್ರೊಸ್ಯಾಟ್ ಉಪಗ್ರಹದ ದತ್ತಾಂಶ ಹೀಗೆಯೇ ತೆರೆದಿದೆ. ಕೊಡೈಕೆನಾಲಿನ ನೂರು ವರ್ಷದ ಸೂರ್ಯಚಿತ್ರಗಳು ಡಿಜಿಟಲ್ ಆಗಿ ಯಾರಿಗೂ ಸಿಗುತ್ತಿವೆ. ರಂಗಾಪುರ ತೆರೆಯುವವರೆಗೆ ನಮ್ಮ ಭಾಗದ ವಿದ್ಯಾರ್ಥಿಗಳು ಕೈಕಟ್ಟಿ ಕೂರಬೇಕಿಲ್ಲ: ಆ ದತ್ತಾಂಶದಲ್ಲಿ ಒಂದು ಪ್ರಬಂಧಕ್ಕೆ ಸಾಲುವಷ್ಟು ಕೆಲಸ ಇವತ್ತೇ ಇದೆ, ಹೊಸಕೋಟೆಯ ಮುಂದಿನ ಸರದಿಗೆ ಅರ್ಜಿ ಬರೆಯಲು ಉಸ್ಮಾನಿಯಾದ ಅನುಭವಿಗಳ ಜೊತೆ ಸೇರಿಕೊಳ್ಳಬಹುದು. ಆದರೆ ಹತ್ತು ವರ್ಷ ಒಂದೇ ಜೋಡಿಯನ್ನು ಬೆನ್ನು ಬಿಡದೆ ನೋಡುವ ಕೆಲಸಕ್ಕೆ ರಂಗಾಪುರದ ಗುಮ್ಮಟವೇ ತೆರೆಯಬೇಕು, ಮತ್ತು ಆ ನಿರ್ಧಾರ ವಿಶ್ವವಿದ್ಯಾಲಯದ ಕೈಯಲ್ಲಿದೆ.