ಕೊರಗರು ಕೇಳಿದ್ದು ಭೂಮಿ

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಆದಿವಾಸಿ ಕೊರಗರ ಬಗ್ಗೆ ಸಭೆ ನಡೆದರೆ ಒಂದು ಮಾತು ತಪ್ಪದೆ ಬರುತ್ತದೆ: ಅವರನ್ನು ಮುಖ್ಯವಾಹಿನಿಗೆ ತರಬೇಕು. ಉದ್ಘಾಟನೆಗೆ ಬಂದ ಜನಪ್ರತಿನಿಧಿಗಳೂ, ಸೇವಾ ಶಿಬಿರ ನಡೆಸುವ ಕಾಲೇಜಿನವರೂ, ಕೊರಗರ ಕಷ್ಟಕ್ಕೆ ನಿಜವಾಗಿ ಮರುಗುವವರೂ ಇದನ್ನೇ ಹೇಳುತ್ತಾರೆ. ಸಭೆ ಮುಗಿದು ಚಾ ಕುಡಿಯುವ ಹೊತ್ತಿಗೆ ಅದರ ಇನ್ನೊಂದು ಮಗ್ಗುಲು ಹೊರಬೀಳುತ್ತದೆ: ‘ಎಷ್ಟ್ ಕೊಟ್ರೂ ಅಷ್ಟೇ ಮರ್ರೆ.’ ಮೊದಲನೆಯದು ಕರುಣೆಯ ಮಾತು, ಎರಡನೆಯದು ತಾತ್ಸಾರದ್ದು. ಆದರೆ ಎರಡರ ತಳದಲ್ಲೂ ಇರುವ ನಂಬಿಕೆ ಒಂದೇ. ಕೊರಗರು ಸಮಾಜದ ಹೊರಗೆ ಕಾಡಂಚಿನಲ್ಲಿ ಉಳಿದುಹೋದವರು, ಅವರ ಸಮಸ್ಯೆ ಎಂದರೆ ಹಿಂದುಳಿದಿರುವುದು, ಅದಕ್ಕೆ ಪರಿಹಾರ ನಮ್ಮ ಹಾಗೆ ಆಗುವುದು. ಈ ನಂಬಿಕೆ ಚರಿತ್ರೆಗೆ ವಿರುದ್ಧವಾದದ್ದು. ಅಷ್ಟೇ ಅಲ್ಲ, ಕೊರಗರು ಬಾಯಿಬಿಟ್ಟು ಕೇಳಿದ್ದನ್ನು ಮೂವತ್ತು ವರ್ಷಗಳಿಂದ ಬದಿಗೆ ಸರಿಸಲು ನೆರವಾದದ್ದೂ ಇದೇ.

ಕೊರಗರು ಯಾವತ್ತು ಈ ಸಮಾಜದ ಹೊರಗಿದ್ದರು? ಗದ್ದೆಗೆ ಗೊಬ್ಬರ ಹೊತ್ತ ಹೆಡಿಗೆ, ಭತ್ತ ತುಂಬಿದ ಬುಟ್ಟಿ, ಮೀನು ಸಾಗಿಸಿದ ಕುಕ್ಕೆ ಅವರ ಕೈಯಿಂದ ಬಂದವು. ಉತ್ಸವಕ್ಕೂ ಕಂಬಳಕ್ಕೂ ಅವರ ಡೋಲು ಬೇಕಿತ್ತು. ಸತ್ತ ದನ ಎಳೆಯುವುದಕ್ಕೆ, ಊರು ಗುಡಿಸುವುದಕ್ಕೆ ಅವರು ಬೇಕಿತ್ತು. ಅಜಲು ಎಂಬ ಪದ್ಧತಿಯಂತೂ ಮೇಲುಜಾತಿಯ ಮನೆಯೊಳಗಿನ ಭಯವನ್ನೇ ಅವರ ಹೊಟ್ಟೆಗೆ ಹಾಕಿತು. ರೋಗಿಯ ಅಥವಾ ಬಸುರಿಯ ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸಿದರೆ ಮನೆಯ ಅನಿಷ್ಟ ಅವರಿಗೆ ದಾಟಿಹೋಗುತ್ತದೆ ಎಂದು ನಂಬಿದ್ದರು. ಕಂಬಳದ ಹಿಂದಿನ ರಾತ್ರಿ ಗದ್ದೆಯ ಬಳಿ ಅವರನ್ನು ಎಚ್ಚರವಿರಿಸಿ, ಬೆಳಗಾದ ಮೇಲೆ ಕೋಣಗಳಿಗಿಂತ ಮೊದಲು ಕೆಸರಲ್ಲಿ ಓಡಿಸುತ್ತಿದ್ದರು. ಇತರ ಜಾತಿಯವರು ಮೈಗೆ ಮಸಿ ಬಳಿದುಕೊಂಡು ‘ಕೊರಗರ ವೇಷ’ ಹಾಕಿ ಹರಕೆ ತೀರಿಸುವುದು ಬೇರೆ. ಎಂಜಲು ನೆಲಕ್ಕೆ ಬೀಳಬಾರದೆಂದು ಕೊರಗರ ಒಂದು ಪಂಗಡದವರು ಕೊರಳಿಗೆ ಮಡಕೆ ಕಟ್ಟಿಕೊಂಡು ತಿರುಗಬೇಕಿತ್ತೆಂದು 1909ರಲ್ಲಿ ಎಡ್ಗರ್ ಥರ್ಸ್ಟನ್ ದಾಖಲಿಸಿದ್ದಾನೆ. ಇಷ್ಟೆಲ್ಲ ಆದವರನ್ನು ದೂರ ಉಳಿದವರು ಎನ್ನಲಾಗದು. ಊರಿನ ಶುಭಕ್ಕೂ ಅಶುಭಕ್ಕೂ ಬೇಕಾಗಿದ್ದ ಅವರು ಅಡಿಪಾಯದಲ್ಲೇ ಇದ್ದರು. ಅವರಿಗೆ ಇಲ್ಲದೆ ಹೋದದ್ದು ಮನೆಯ ಅಂಗಳ ದಾಟುವ ಅಧಿಕಾರ ಮತ್ತು ಕಾಲೂರಲು ಸ್ವಂತ ನೆಲ.

ರಾಜ್ಯ ಸರ್ಕಾರ ಅಜಲನ್ನು ಕಾಯ್ದೆ ಮೂಲಕ ನಿಷೇಧಿಸಿದ್ದು 2000ದಲ್ಲಿ. ಅಸ್ಪೃಶ್ಯತೆಯನ್ನು ಸಂವಿಧಾನ ರದ್ದು ಮಾಡಿ ಐವತ್ತು ವರ್ಷಗಳಾದ ಮೇಲೂ ಒಂದು ಸಮುದಾಯದ ಹೆಸರು ಹಿಡಿದು ಇಂಥ ಕಾನೂನು ತರಬೇಕಾಯಿತು. ಅದನ್ನು ಕೊರಗರ ಹಿಂದುಳಿದಿರುವಿಕೆಗೆ ಸಾಕ್ಷಿಯಾಗಿ ಓದುವವರಿದ್ದಾರೆ. ಅನ್ನಕ್ಕೆ ಉಗುರು ಬೆರೆಸಿದವರು ಯಾರು ಎಂದು ಕೇಳಿಕೊಂಡರೆ ಆ ಓದು ನಿಲ್ಲುವುದಿಲ್ಲ.

ಹಕ್ಕಿನ ಪ್ರಶ್ನೆಯನ್ನು ಹಿಂದುಳಿದಿರುವಿಕೆಯ ಪ್ರಶ್ನೆಯನ್ನಾಗಿ ಬದಲಿಸುವ ಈ ಅಭ್ಯಾಸ ನಮ್ಮಲ್ಲಿ ಮಾತ್ರ ಇಲ್ಲ. ತುರ್ಕಿ ದೇಶ ಕುರ್ದ್ ಜನರ ವಿಷಯದಲ್ಲಿ ದಶಕಗಳ ಕಾಲ ಇದನ್ನೇ ಮಾಡಿತು. ಕುರ್ದರು ಬೇರೆ ಜನವೇ ಅಲ್ಲ, ಭಾಷೆ ಮರೆತ ಬೆಟ್ಟದ ತುರ್ಕರು ಎಂಬ ವಾದವನ್ನು ಅಲ್ಲಿನ ಅಧಿಕಾರಸ್ಥರು ಹರಡಿದರು. ಪೂರ್ವದ ಪ್ರಾಂತಗಳ ತೊಂದರೆಯೆಲ್ಲ ಬಡತನ, ಅಜ್ಞಾನ, ಹಳೆಯ ಜಮೀನ್ದಾರಿಕೆ ಎಂದರು. 1983ರ ಕಾನೂನೊಂದು ಕುರ್ದಿಶ್ ಭಾಷೆಯ ಬಳಕೆಯನ್ನೇ ನಿಷೇಧಿಸಿತು, ಅದು ರದ್ದಾದದ್ದು 1991ರಲ್ಲಿ. ಕುರ್ದ್ ಬಂಡುಕೋರರ ಜತೆ ಸಂಘರ್ಷ ನಡೆಯುತ್ತಿದ್ದಾಗ, 1987ರಲ್ಲಿ, ದಿಯರ್‌ಬಕೀರ್ ಕೇಂದ್ರವಾಗಿ ತುರ್ತುಸ್ಥಿತಿಯ ಪ್ರಾದೇಶಿಕ ಗವರ್ನರ್ ಹುದ್ದೆ ಬಂತು. ಊರುಗಳನ್ನು ಖಾಲಿ ಮಾಡಿಸುವ ಅಧಿಕಾರ ಆ ಹುದ್ದೆಗಿತ್ತು. ತಾತ್ಕಾಲಿಕ ಎಂದ ಆಡಳಿತವನ್ನು ಮತ್ತೆ ಮತ್ತೆ ಮುಂದುವರಿಸಿ 2002ರವರೆಗೆ ಎಳೆದರು. ಮೂರು ಸಾವಿರಕ್ಕೂ ಹೆಚ್ಚು ಹಳ್ಳಿ, ಹಾಡಿಗಳು ಬರಿದಾದವೆಂದು ಆ ದೇಶದ ಸಂಸತ್ತಿನ ಸಮಿತಿಯೇ 1998ರಲ್ಲಿ ಲೆಕ್ಕ ಕೊಟ್ಟಿತು.

ನಮ್ಮ ಕರಾವಳಿಯಲ್ಲಿ ಸೈನ್ಯ ಇಳಿಯಲಿಲ್ಲ, ಊರು ಸುಡಲಿಲ್ಲ. ಆ ವ್ಯತ್ಯಾಸವನ್ನು ತೇಲಿಸಿ ಮಾತಾಡಿದರೆ ಕುರ್ದರ ನೋವಿಗೂ ಕೊರಗರ ನೋವಿಗೂ ಅನ್ಯಾಯವಾಗುತ್ತದೆ. ಇನ್ನೊಂದು ವ್ಯತ್ಯಾಸವೂ ಇದೆ. ಅಲ್ಲಿ ಸರ್ಕಾರ ‘ನೀವು ಬೇರೆಯಲ್ಲ’ ಎಂದು ಹೊಡೆಯಿತು. ಇಲ್ಲಿ ಸಮಾಜ ‘ನೀವು ಮುಟ್ಟಲಾಗದಷ್ಟು ಬೇರೆ’ ಎಂದು ದೂರವಿಟ್ಟಿತು, ಅದಾದ ಮೇಲೆ ಸರ್ಕಾರ ಬಂದು ‘ಇನ್ನು ನಮ್ಮಂತಾಗಿ’ ಎಂದಿತು. ಆದರೆ ಆಡಳಿತದ ತರ್ಕ ಎರಡು ಕಡೆಯೂ ಕೂಡುತ್ತದೆ. ಜನ ಏನು ಕೇಳುತ್ತಾರೆ ಎಂಬುದಕ್ಕಿಂತ ಅವರಿಗೆ ಏನು ಕೊರತೆ ಎಂದು ಕಚೇರಿ ತೀರ್ಮಾನಿಸುವುದೇ ಮುಖ್ಯವಾಗುತ್ತದೆ. ವಿಶೇಷ ಕಚೇರಿ, ವಿಶೇಷ ಯೋಜನೆ, ವಿಶೇಷ ಪಟ್ಟಿ ಎಲ್ಲವೂ ಬರುತ್ತವೆ, ಮೂಲದ ಬೇಡಿಕೆ ಮಾತ್ರ ಕಡತದಲ್ಲಿ ಉಳಿಯುತ್ತದೆ.

ಆ ಬೇಡಿಕೆಯನ್ನು ಕೊರಗರು ಮುಚ್ಚಿಟ್ಟವರಲ್ಲ. 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ಸೇರಿ ಭೂಮಿ ಕೊಡಿ ಎಂದು ಕೇಳಿದರು. ಆ ದಿನವನ್ನು ಇವತ್ತಿಗೂ ಭೂಮಿ ಹಬ್ಬವಾಗಿ ಆಚರಿಸುತ್ತಾರೆ. ದೇವರ ಹೆಸರಲ್ಲೋ ಬೆಳೆಯ ಹೆಸರಲ್ಲೋ ಹಬ್ಬ ಮಾಡುವ ನಾಡಿನಲ್ಲಿ ಇನ್ನೂ ಕೈಗೆ ಬಾರದ ನೆಲದ ಹೆಸರಲ್ಲಿ ಹಬ್ಬ ಮಾಡುವ ಬೇರೆ ಸಮುದಾಯ ನನಗೆ ಗೊತ್ತಿಲ್ಲ. ತೊಂಬತ್ತರ ದಶಕದಲ್ಲೇ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕೊರಗ ಕುಟುಂಬಕ್ಕೆ ಎರಡೂವರೆ ಎಕರೆ ಭೂಮಿ ಕೊಡಬೇಕೆಂದು ಶಿಫಾರಸು ಮಾಡಿತು. ಆ ವರದಿ ಜಾರಿಯಾಗಲಿ ಎಂಬ ಕೂಗು ಈಗಲೂ ಅವರ ಪ್ರತಿ ಸಭೆಯಲ್ಲಿ ಏಳುತ್ತದೆ.

ಭೂಮಿಯೇ ಏಕೆ ಎಂಬುದಕ್ಕೆ ಉತ್ತರ 1974ರಲ್ಲಿದೆ. ಆ ವರ್ಷ ಜಾರಿಗೆ ಬಂದ ಭೂಸುಧಾರಣೆ ತಿದ್ದುಪಡಿಯ ಬಗ್ಗೆ ಕರಾವಳಿಯವರು ಹೆಮ್ಮೆಪಡುವುದು ಸಹಜ. ಡಿಕ್ಲರೇಷನ್ ಹಾಕಿದ ಒಕ್ಕಲು ಧನಿಯಾದ, ಗೇಣಿ ಹೋಯಿತು, ಅವನ ಮಕ್ಕಳು ಶಾಲೆಗೆ, ಮುಂಬಯಿಗೆ, ಗಲ್ಫಿಗೆ ಹೋದರು. ಇಲ್ಲಿನ ಮಧ್ಯಮ ಜಾತಿಗಳ ಏಳಿಗೆ ಶುರುವಾದದ್ದು ಅಲ್ಲಿಂದ. ಆದರೆ ಆ ಕಾನೂನು ನೆಲ ಕೊಟ್ಟದ್ದು ಗೇಣಿದಾರನಿಗೆ. ಕೊರಗರಿಗೆ ಗೇಣಿಗೂ ಯಾರೂ ಗದ್ದೆ ಕೊಟ್ಟಿರಲಿಲ್ಲ. ಹೀಗಾಗಿ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಅವರ ಕೊಪ್ಪದ ಬಾಗಿಲವರೆಗೂ ಬರಲಿಲ್ಲ. ಬ್ರಿಟಿಷರ ಕಾಲದಲ್ಲಿ ದಲಿತ ವರ್ಗಗಳಿಗೆಂದು ಬೇರೆ ತೆಗೆದಿಟ್ಟ ‘ಡಿಸಿ ಮನ್ನಾ’ ಜಾಗಗಳಿದ್ದವು. ಅವುಗಳಲ್ಲಿ ಎಷ್ಟೋ ಬೇರೆಯವರ ತೋಟವಾದವು, ಮನೆಯಾದವು. ನಾವೆಲ್ಲ ಮುಂದೆ ಹೋದದ್ದು ನಮ್ಮ ದುಡಿಮೆಯಿಂದಲೇ ಎಂದು ನಂಬಿ, ಅವರು ಹಿಂದೆ ಉಳಿದದ್ದು ಅವರ ಸ್ವಭಾವದಿಂದ ಎನ್ನುವಾಗ ಈ ಕಾಗದಪತ್ರಗಳನ್ನು ಮರೆತಿರುತ್ತೇವೆ. ಎರಡು ತಲೆಮಾರಿನ ಹಿಂದೆ ನೆಲ ಸಿಕ್ಕಿರದಿದ್ದರೆ ಇವತ್ತು ‘ಎಷ್ಟ್ ಕೊಟ್ರೂ ಅಷ್ಟೇ’ ಎನ್ನುವ ಮನೆಗಳ ಕಥೆಯೂ ಬೇರೆ ಇರುತ್ತಿತ್ತು.

ಭೂಮಿ ಇಲ್ಲದವರಿಗೆ ಇದ್ದದ್ದು ಕಾಡು. ಬುಟ್ಟಿ ಹೆಣೆಯಲು ಬಿದಿರು, ಬೆತ್ತ, ಬಳ್ಳಿ ಅಲ್ಲಿಂದಲೇ ಬರಬೇಕು. 1972ರ ವನ್ಯಜೀವಿ ಕಾಯ್ದೆ ಬಂತು, 1974ರಲ್ಲಿ ಕೊಲ್ಲೂರು ಸುತ್ತಿನ ಕಾಡು ಮೂಕಾಂಬಿಕಾ ವನ್ಯಧಾಮವಾಯಿತು. ಬಳ್ಳಿ ಕೊಯ್ಯುವುದು ತಕರಾರಿನ ಕೆಲಸವಾಯಿತು. ಅದೇ ಹೊತ್ತಿಗೆ ಅಂಗಡಿಗೆ ಪ್ಲಾಸ್ಟಿಕ್ ಬುಟ್ಟಿ ಬಂತು. ಕಸುಬು ಎರಡೂ ಕಡೆಯಿಂದ ಕತ್ತರಿಸಿಹೋದ ಮೇಲೆ ಕೊರಗರಿಗೆ ಸಿಕ್ಕ ‘ಆಧುನಿಕ’ ಉದ್ಯೋಗ ಯಾವುದು? ಸ್ಥಳೀಯ ಸಂಸ್ಥೆಗಳಲ್ಲಿ ಗುತ್ತಿಗೆಯ ಪೌರಕಾರ್ಮಿಕತನ. ಜಾತಿ ಹೊರಿಸಿದ್ದ ಕೆಲಸವನ್ನೇ ಸಮವಸ್ತ್ರ ತೊಡಿಸಿ ವಾಪಸು ಕೊಟ್ಟದ್ದು ಯಾವ ಮುಖ್ಯವಾಹಿನಿ ಎಂದು ಮುಖ್ಯವಾಹಿನಿಯ ಪ್ರತಿಪಾದಕರು ಹೇಳಬೇಕು.

ಭಾಷೆಯ ವಿಷಯವನ್ನು ಇನ್ನೂ ಕಡಿಮೆ ಮಾತಾಡುತ್ತೇವೆ. ಕುಂದಗನ್ನಡದ ಬಗ್ಗೆ ನಮಗಿರುವ ಪ್ರೀತಿ ದೊಡ್ಡದು. ಆಸಾಡಿ ಅಮಾವಾಸ್ಯೆಯಂದು ವಿಶ್ವ ಕುಂದಾಪ್ರ ಕನ್ನಡ ದಿನವನ್ನೇ ಆಚರಿಸುತ್ತೇವೆ. ಬೆಂಗಳೂರಿನ ಕನ್ನಡ ನಮ್ಮ ಕನ್ನಡವನ್ನು ನುಂಗುತ್ತಿದೆ ಎಂದು ನೊಂದುಕೊಳ್ಳುತ್ತೇವೆ, ಆ ನೋವು ನ್ಯಾಯವಾದದ್ದೇ. ಆದರೆ ಇದೇ ನೆಲದಲ್ಲಿ ಕೊರಗರ ಸ್ವಂತ ಭಾಷೆಯೊಂದಿದೆ. ಡಿ. ಎನ್. ಶಂಕರ ಭಟ್ಟರು ಅದನ್ನು ಅಧ್ಯಯನ ಮಾಡಿ 1971ರಲ್ಲಿ ಪುಸ್ತಕ ಪ್ರಕಟಿಸಿದರು. ಮನೆಯೊಳಗೆ ಆಡಿಕೊಂಡು, ಹೊರಗೆ ಊರಿಗೆ ತಕ್ಕಂತೆ ತುಳುವೋ ಕನ್ನಡವೋ ಮಾತಾಡಿ ಅವರು ಅದನ್ನು ಉಳಿಸಿಕೊಂಡು ಬಂದರು. ಹತ್ತು ಸಾವಿರಕ್ಕಿಂತ ಕಡಿಮೆ ಮಾತುಗಾರರಿರುವ ಭಾಷೆಯ ಹೆಸರು ನಮ್ಮ ಜನಗಣತಿಯ ಪ್ರಕಟಿತ ಪಟ್ಟಿಯಲ್ಲಿ ಬರುವುದೇ ಇಲ್ಲ. ಇಲ್ಲಿ ಯಾರೂ ಕಾನೂನು ಮಾಡಿ ಭಾಷೆಯನ್ನು ನಿಷೇಧಿಸಲಿಲ್ಲ ನಿಜ. ಹೆಸರು ಹೇಳಿದರೆ ಅವಮಾನವಾಗುವ ಕಡೆ ನಿಷೇಧ ಬೇಕಾಗಲೂ ಇಲ್ಲ. ತರಗತಿಯಲ್ಲಿ ಮನೆಯ ಮಾತು ಬಾಯಿಗೆ ಬಾರದಂತೆ ಮಗು ಎಚ್ಚರವಹಿಸಲು ಕಲಿತರೆ ಒಂದು ತಲೆಮಾರಿನಲ್ಲಿ ಕೆಲಸ ಮುಗಿಯುತ್ತದೆ.

ಇಷ್ಟರ ಮೇಲೂ ಅವರ ದೈವವನ್ನು ನಾವು ಪ್ರೀತಿಯಿಂದ ಸ್ವೀಕರಿಸಿದ್ದೇವಲ್ಲ ಎಂದು ಕೆಲವರು ಹೇಳುತ್ತಾರೆ. ಕೊರಗಜ್ಜನ ಕಟ್ಟೆಗಳು ಈಗ ಊರೂರಲ್ಲಿ ಏಳುತ್ತಿವೆ. ಕಳೆದುಹೋದ ವಸ್ತು ಸಿಗಲೆಂದು ಅಜ್ಜನಿಗೆ ಹರಕೆ ಹೇಳುವವರು ಎಲ್ಲ ಜಾತಿಗಳಲ್ಲೂ ಇದ್ದಾರೆ. ಆ ಭಕ್ತಿಯ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೆ ದೈವದ ಮುಂದೆ ಕೈಮುಗಿದವರು ದೈವದ ಕುಲದವರ ಜತೆ ಹೇಗೆ ನಡೆದುಕೊಂಡರು ಎಂಬುದೇ ಪರೀಕ್ಷೆ.

ಆ ಪರೀಕ್ಷೆ 2021ರ ಡಿಸೆಂಬರ್ 27ರ ರಾತ್ರಿ ಬ್ರಹ್ಮಾವರ ತಾಲೂಕಿನ ಕೋಟತಟ್ಟಿನಲ್ಲಿ ನಡೆಯಿತು. ಕೊರಗ ಕಾಲೊನಿಯ ಮನೆಯೊಂದರಲ್ಲಿ ಮದುವೆಯ ಹಿಂದಿನ ಮೆಹಂದಿ. ಹಾಡು ಜೋರಾಗಿದೆ ಎಂಬ ದೂರಿನ ಮೇಲೆ ಬಂದ ಪೊಲೀಸರು ಲಾಠಿ ಬೀಸಿದರು. ಮದುಮಗನೂ ಹೆಂಗಸರೂ ಏಟು ತಿಂದರು. ಸಬ್ ಇನ್‌ಸ್ಪೆಕ್ಟರ್ ಅಮಾನತಾದರು, ಗೃಹಸಚಿವರು ಬಂದು ಸಮಾಧಾನ ಹೇಳಿದರು, ನಡುವೆ ಏಟು ತಿಂದ ಕೊರಗರ ಮೇಲೆಯೇ ಪ್ರಕರಣವೂ ದಾಖಲಾಯಿತು. ಶತಮಾನಗಳ ಕಾಲ ಬೇರೆಯವರ ಉತ್ಸವಕ್ಕೆ ರಾತ್ರಿಯಿಡೀ ಡೋಲು ಬಡಿದವರು ತಮ್ಮ ಮದುವೆಗೆ ಒಂದು ರಾತ್ರಿ ಹಾಡು ಹಾಕಿದ್ದರು. ಮೆಹಂದಿ, ಡಿಜೆ ಎಲ್ಲ ಇಂದಿನ ಕರಾವಳಿಯ ಪ್ರತಿ ಮನೆಯ ಮದುವೆಯಲ್ಲೂ ಇವೆ. ಕೊರಗರು ಎಲ್ಲರಂತೆ ಬಾಳಲು ಹೊರಟಾಗಲೇ ಲಾಠಿ ಬಂತು. ಹಾಗಾಗಿ, ಅವರು ನಮ್ಮಂತಾದರೆ ಎಲ್ಲ ಸರಿಹೋಗುತ್ತದೆ ಎಂಬ ವಾದಕ್ಕೆ ಕೋಟತಟ್ಟೇ ಉತ್ತರ. ಅದೇ ಕೋಟತಟ್ಟಿನಲ್ಲಿ ಶಿವರಾಮ ಕಾರಂತರ ಹೆಸರಿನ ಥೀಮ್ ಪಾರ್ಕ್ ಇದೆ. ಸ್ವಂತಕ್ಕೊಂದು ತುಂಡು ಬೇಸಾಯದ ನೆಲ ಬೇಕೆಂದು ಹಂಬಲಿಸಿದ, ಅಸ್ಪೃಶ್ಯನೆಂಬ ಕಾರಣಕ್ಕೆ ಅದು ದಕ್ಕದ ಚೋಮನ ಕಥೆಯನ್ನು ಕಾರಂತರು 1933ರಲ್ಲಿ ಪ್ರಕಟಿಸಿದ್ದರು.

ಶಿಕ್ಷಣ ಎಲ್ಲವನ್ನೂ ಸರಿಪಡಿಸುತ್ತಿದೆಯಲ್ಲ ಎಂಬ ಪ್ರಶ್ನೆಗೆ ತೂಕವಿದೆ. ಬ್ರಹ್ಮಾವರ ತಾಲೂಕಿನವರೇ ಆದ ಸಬಿತಾ ಗುಂಡ್ಮಿ ಎನ್‌ಇಟಿ ಪರೀಕ್ಷೆ ಗೆದ್ದ ಮೊದಲ ಕೊರಗ ಮಹಿಳೆ, ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರದ ಅಧ್ಯಾಪಕಿಯಾದವರು. ವಿದ್ಯಾರ್ಥಿವೇತನ, ಹಾಸ್ಟೆಲ್, ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಪೌಷ್ಟಿಕ ಆಹಾರ, ಇವುಗಳಿಂದ ಉಪಕಾರವಾಗಿದೆ, ಅವು ನಿಲ್ಲಬಾರದು. ಆದರೆ ಒಬ್ಬರು ಏರಿದ ಎತ್ತರವನ್ನು ಉಳಿದವರನ್ನು ದೂರಲು ಬಳಸುವುದು ನೀಚತನ. ಕರ್ನಾಟಕದಲ್ಲಿ 2001ರ ಗಣತಿಯಂತೆ 16,071 ಇದ್ದ ಕೊರಗರು 2011ರಲ್ಲಿ 14,794ಕ್ಕೆ ಇಳಿದರು. ರಾಜ್ಯದ ಜನಸಂಖ್ಯೆ ಏರುತ್ತಿರುವಾಗ ಒಂದು ಸಮುದಾಯ ಕುಗ್ಗುತ್ತಿದ್ದರೆ ಅದಕ್ಕೆ ರಕ್ತಹೀನತೆ, ಕ್ಷಯ, ಎಳವೆಯ ಸಾವು, ಕುಡಿತ ಎಂದು ಪಟ್ಟಿ ಮಾಡುತ್ತಾರೆ. ಕುಡಿತವನ್ನು ಪಟ್ಟಿಯ ತುದಿಗೆ ತಂದು ನಿಲ್ಲಿಸುವವರು ಹಗಲಿಡೀ ಚರಂಡಿಗಿಳಿಯುವ ಮನುಷ್ಯನ ದಿನವನ್ನು ಒಮ್ಮೆ ಊಹಿಸಿಕೊಳ್ಳಲಿ.

2006ರ ಅರಣ್ಯ ಹಕ್ಕು ಕಾಯ್ದೆಯ ಮೂರನೇ ಪ್ರಕರಣ ಕೊರಗರಂಥ ಸಮುದಾಯಗಳಿಗೆ ಮನೆಯಡಿ ಜಾಗವನ್ನಷ್ಟೇ ಅಲ್ಲ, ಅವರು ಬಾಳಿ ಬಂದ ಇಡೀ ಆವಾಸದ ಮೇಲೆ ಸಾಮುದಾಯಿಕ ಹಕ್ಕನ್ನೂ ಹೇಳುತ್ತದೆ. ಬಿದಿರು, ಬೆತ್ತ ಕಿರು ಅರಣ್ಯ ಉತ್ಪನ್ನವೆಂದು ಅದೇ ಕಾಯ್ದೆ ಒಪ್ಪಿದೆ. 2023ರಲ್ಲಿ ಆರಂಭವಾದ ಪಿಎಂ ಜನಮನ್ ಯೋಜನೆ ಮನೆ, ನೀರು, ರಸ್ತೆ ಕೊಡುತ್ತದೆ, ಅವೂ ಬೇಕು. ಆದರೆ ನಾಲ್ಕು ಸೆಂಟ್ಸಿನ ಮನೆಯಲ್ಲಿ ತೆಂಗು ನೆಡಲಾಗದು, ದನ ಕಟ್ಟಲಾಗದು, ಬೇಡದ ಕೆಲಸಕ್ಕೆ ಒಲ್ಲೆ ಎನ್ನುವ ಧೈರ್ಯವೂ ಬರದು. ಎರಡೂವರೆ ಎಕರೆ ಇದ್ದವನಿಗೆ ಆ ಧೈರ್ಯ ಇರುತ್ತದೆ. ಆದ್ದರಿಂದ ಮೊದಲು ಆಗಬೇಕಾದದ್ದು ಕುಂದಾಪುರ, ಬೈಂದೂರು, ಬ್ರಹ್ಮಾವರದ ತಾಲೂಕು ಕಚೇರಿಗಳಲ್ಲಿ: ಗ್ರಾಮವಾರು ಡಿಸಿ ಮನ್ನಾ ಜಾಗದ ಸರ್ವೆ ಮಾಡಿ, ಒತ್ತುವರಿ ಯಾರದ್ದೇ ಇರಲಿ ತೆರವುಗೊಳಿಸಿ, ಪಹಣಿಯಲ್ಲಿ ಕೊರಗ ಕುಟುಂಬದ ಹೆಂಗಸಿನ ಹೆಸರನ್ನೂ ಗಂಡಸಿನ ಹೆಸರನ್ನೂ ಬರೆಯುವುದು. ಹಾಗೆ ಬರೆದ ಮೇಲೆ ಅವರು ಬುಟ್ಟಿ ಹೆಣೆಯುತ್ತಾರೋ, ಮಲ್ಲಿಗೆ ಬೆಳೆಯುತ್ತಾರೋ, ಮಕ್ಕಳ ಜತೆ ಯಾವ ಭಾಷೆಯಲ್ಲಿ ಮಾತಾಡುತ್ತಾರೋ ಅವರೇ ತೀರ್ಮಾನಿಸಲಿ.