ಹೆಣವೇ ನಾಯಕ

ಕುಂದನ್ ಶಾ ನಿರ್ದೇಶಿಸಿದ ‘ಜಾನೇ ಭಿ ದೋ ಯಾರೋ’ 1983ರ ಹಿಂದಿ ಚಿತ್ರ. ರಾಷ್ಟ್ರೀಯ ಚಲನಚಿತ್ರ ಅಭಿವೃದ್ಧಿ ನಿಗಮದ (ಎನ್‌ಎಫ್‌ಡಿಸಿ) ದುಡ್ಡಿನಲ್ಲಿ ಕೈ ಬಿಗಿಹಿಡಿದು ತೆಗೆದದ್ದು. ಮುಂಬೈಯ ಇಬ್ಬರು ಬಡಪಾಯಿ ಫೋಟೋಗ್ರಾಫರುಗಳು (ನಸೀರುದ್ದೀನ್ ಶಾ, ರವಿ ಬಾಸ್ವಾನಿ), ಲಂಚಕೋರ ಬಿಲ್ಡರುಗಳು, ಕೊಲೆಯಾದ ಮುನಿಸಿಪಲ್ ಕಮಿಷನರ್. ಕಥೆ ಇಷ್ಟೇ.

ಆ ಕಮಿಷನರ್ ಸತೀಶ್ ಶಾ. ಅರ್ಧ ಸಿನಿಮಾ ಅವರು ಹೆಣವಾಗಿಯೇ ಇರುತ್ತಾರೆ, ಆದರೂ ನನ್ನ ಮಟ್ಟಿಗೆ ಇಡೀ ಚಿತ್ರದ ಕಳೆ ಅವರೇ. ಕುಡಿದು ತೂರಾಡುವ ಬಿಲ್ಡರ್ ಓಂ ಪುರಿ, ರಸ್ತೆಯಲ್ಲಿ ಬಿದ್ದ ಶವಪೆಟ್ಟಿಗೆಯನ್ನು ಕೆಟ್ಟುನಿಂತ ಕಾರು ಅಂದುಕೊಂಡು ಹೆಣದ ಜೊತೆ ಮಾತಿಗಿಳಿಯುತ್ತಾರೆ. ಉತ್ತರ ಬಾರದಿದ್ದರೂ ಪಾಪ, ಸಹಾಯಕ್ಕೆ ನಿಂತೇಬಿಡುತ್ತಾರೆ!

ಕೊನೆಗೆ ಫೋಟೋಗ್ರಾಫರುಗಳು ಹೆಣಕ್ಕೆ ಸೀರೆ ಸುತ್ತಿ ದ್ರೌಪದಿ ಮಾಡಿ, ನಡೆಯುತ್ತಿರುವ ಮಹಾಭಾರತ ನಾಟಕದ ರಂಗಕ್ಕೇ ನುಗ್ಗುತ್ತಾರೆ. ಸೀರೆ ಬಿಚ್ಚಿದರೆ ಗುಟ್ಟು ರಟ್ಟು. ಹಾಗಾಗಿ ಸಾಕ್ಷಾತ್ ದುರ್ಯೋಧನನೇ ವಸ್ತ್ರಾಪಹರಣ ಬೇಡ ಅನ್ನುತ್ತಾನೆ. ಕಪ್ಪು ಕನ್ನಡಕ ತೊಟ್ಟ ಭೀಮ ಗದೆ ಬೀಸುತ್ತಾನೆ, ಎಲ್ಲಿಂದಲೋ ಸಲೀಂ–ಅನಾರ್ಕಲಿ ಬರುತ್ತಾರೆ, ಏನಾಗುತ್ತಿದೆಯೆಂದು ಕುರುಡ ಧೃತರಾಷ್ಟ್ರ ಕೇಳುತ್ತಲೇ ಇರುತ್ತಾನೆ. ನಟರಲ್ಲಿ ಒಬ್ಬರೂ ನಗುವುದಿಲ್ಲ, ಎಲ್ಲರಿಗೂ ಪ್ರಾಣಸಂಕಟ. ನಗೆ ಹುಟ್ಟುವುದೇ ಅಲ್ಲಿ.

ಮಧ್ಯೆ ಒಂದೆರಡು ಕಡೆ ಚಿತ್ರ ಜಾಳಾಗುತ್ತದೆ, ನಿಜ. ಆದರೆ ಬಿಲ್ಡರುಗಳು ಕಟ್ಟಿದ ಸೇತುವೆ ಕುಸಿದ ತಪ್ಪನ್ನು ಆ ಇಬ್ಬರು ಅಮಾಯಕರ ತಲೆಗೆ ಕಟ್ಟಿ, ಕಳ್ಳರೆಲ್ಲ ಒಂದಾಗುವ ಮುಕ್ತಾಯವನ್ನು ಕುಂದನ್ ಶಾ ಸಿಹಿ ಮಾಡಲಿಲ್ಲ. ಹಾಸ್ಯಚಿತ್ರ ಮಾಡುವವರಿಗೆ ಅಷ್ಟು ಎದೆಗಾರಿಕೆ ಇರುವುದು ಅಪರೂಪ.